ಕೇಳದೆ ಇಟ್ಟದ್ದು

ವಂಕಿ ಹಾಕಿಸಿಕೊಂಡಿದ್ದೀರಾ ಎಂದು ಆ ಹೆಂಗಸು ಕೇಳಿದಾಗ ಕರಿಬಸಮ್ಮನ ಕೈ ತಾನಾಗಿಯೇ ಬರಿದಾದ ತೋಳನ್ನು ಸವರಿತು. ಮದುವೆಯಲ್ಲಿ ಹಾಕಿದ ವಂಕಿ ಅತ್ತೆಯ ಪೆಟ್ಟಿಗೆ ಸೇರಿ ವರ್ಷಗಳಾಗಿದ್ದವು. ಆ ಸುದ್ದಿಯನ್ನು ಇವಳ ಕಿವಿಗೆ ಯಾರು ಹಾಕಿದರು, ಪಕ್ಕದ ಮನೆ ತಿಮ್ಮಕ್ಕನೇ ಇರಬೇಕು ಎಂದುಕೊಂಡಳು. ಹೆಂಗಸು ನಗಲಿಲ್ಲ. ತೋಳಿನದಲ್ಲ, ಹೆರಿಗೆಯಾದ ಮೇಲೆ ಬೇಗ ಮತ್ತೊಂದು ಬಸುರು ನಿಲ್ಲದಿರಲಿ ಎಂದು ಗರ್ಭಕೋಶದೊಳಗೆ ಇಡುತ್ತಾರಲ್ಲ, ಪ್ಲಾಸ್ಟಿಕ್ಕಿನದು, ಆ ವಂಕಿ ಎಂದು ದನಿ ತಗ್ಗಿಸಿ ಹೇಳಿದಳು. ಇಲ್ಲ ಎಂದಳು ಕರಿಬಸಮ್ಮ. ಅಷ್ಟು ಬೇಗ ಇಲ್ಲ ಎಂದದ್ದರಿಂದಲೇ ಇವಳಿಗೆ ಅನುಮಾನ ಬಂದಿರಬಹುದೇ ಎಂದು ಮುಖ ನೋಡಿದಳು. ವನಮಾಲಾ ಎಂದು ಹೆಸರು ಹೇಳಿಕೊಂಡಿದ್ದಳು. ಬೆಂಗಳೂರಿನ ಯಾವುದೋ ಸಂಶೋಧನಾ ಸಂಸ್ಥೆಯವಳಂತೆ. ಕಡೂರಿನಲ್ಲಿ ರೂಮು ಮಾಡಿಕೊಂಡು, ಹಳ್ಳಿ ಹಳ್ಳಿ ಸುತ್ತಿ, ಚಿಕ್ಕ ಮಕ್ಕಳ ತಾಯಂದಿರನ್ನು ಹೆರಿಗೆಯಾದ ಮೇಲೆ ಮೈಗೆ ಏನೇನಾಯಿತು ಎಂದು ಕೇಳುತ್ತಾಳಂತೆ. ಪಂಚನಹಳ್ಳಿಯಲ್ಲಿ ಅವಳು ಬಂದಿಳಿದ ದಿನವೇ ಎಷ್ಟೋ ಬಾಗಿಲುಗಳು ಮುಚ್ಚಿಕೊಂಡಿದ್ದವು. ತುರ್ತು ಪರಿಸ್ಥಿತಿ ಮುಗಿದು ನಾಲ್ಕು ವರ್ಷವಾಗಿದ್ದರೂ ಆಸ್ಪತ್ರೆ ಜೀಪು ಕಂಡರೆ ಗಂಡಸರು ತೆಂಗಿನ ತೋಟದೊಳಗೆ ಮರೆಯಾಗುವ ಅಭ್ಯಾಸ ಬಿಟ್ಟಿರಲಿಲ್ಲ. ಇವಳು ಜೀಪಿನಲ್ಲಿ ಬಂದಿರಲಿಲ್ಲ, ಎಲ್ಲರಂತೆ ಬಸ್ಸಿನಲ್ಲಿ ಬಂದಿದ್ದಳು; ಜನಕ್ಕೆ ಅದೇ ಇನ್ನಷ್ಟು ಅನುಮಾನ. ತಾನು ಅವಳನ್ನು ಒಳಗೆ ಕರೆದದ್ದು ಏಕೆಂದು ಕರಿಬಸಮ್ಮನಿಗೇ ತಿಳಿಯದು. ಗಂಡ ಸೋಮಶೇಖರಪ್ಪ ಬೆಳಗಿನ ಬಸ್ಸಿಗೇ ಅಜ್ಜಂಪುರಕ್ಕೆ ಹೋಗಿದ್ದ. ಅತ್ತೆ ತೀರ್ಥಮ್ಮ ಹಿತ್ತಲಲ್ಲಿ ಮೊಮ್ಮಗಳ ತಲೆಗೆ ಎಣ್ಣೆ ಒತ್ತುತ್ತಿದ್ದಳು. ತನ್ನನ್ನು ಯಾರಾದರೂ ಏನಾದರೂ ಕೇಳಲಿ ಎಂದು ಅನ್ನಿಸಿರಬೇಕು.

ಕೇಳಿದ್ದೆಲ್ಲ ನಾಚಿಕೆಯ ಪ್ರಶ್ನೆಗಳೇ. ಮುಟ್ಟಾದಾಗ ಹೆಚ್ಚು ಹೋಗುತ್ತದೆಯೇ, ಗಡ್ಡೆ ಗಡ್ಡೆಯಾಗಿ ಹೋಗುತ್ತದೆಯೇ, ಕಿಬ್ಬೊಟ್ಟೆ ಹಿಂಡುತ್ತದೆಯೇ, ನಡುವೆ ನಡುವೆ ಬಟ್ಟೆ ಕರೆಯಾಗುತ್ತದೆಯೇ. ಕರಿಬಸಮ್ಮ ನೆಲ ನೋಡುತ್ತ ಹೌದು, ಹೌದು ಎನ್ನುತ್ತಿದ್ದಳು. ತನ್ನ ಒಡಲನ್ನು ಬೆಂಗಳೂರಿನಲ್ಲಿ ಕುಳಿತೇ ಯಾರೋ ನೋಡಿ, ಕಂಡದ್ದನ್ನೆಲ್ಲ ಇವಳಿಗೆ ಹೇಳಿ ಕಳಿಸಿದ್ದಾರೆ ಎನಿಸಿತು. ಇಷ್ಟು ವರ್ಷ ಇದನ್ನೆಲ್ಲ ಹೆಂಗಸಾಗಿ ಹುಟ್ಟಿದ ಕರ್ಮ ಎಂದುಕೊಂಡಿದ್ದಳು; ಮಠದ ಅಯ್ನೋರು ಕೊಟ್ಟ ವಿಭೂತಿಯನ್ನು ನೀರಿಗೆ ಹಾಕಿಕೊಂಡು ಕುಡಿದಿದ್ದಳು. ಕೊನೆಗೆ ವನಮಾಲಾ ಕೇಳಿದಳು: "ಒಳಗೆ ಕೈಗೆ ದಾರದ ಎಳೆ ಥರ ಏನಾದ್ರೂ ಸಿಕ್ಕಿತ್ತಾ, ಯಾವಾಗ್ಲಾದ್ರೂ?" ಕರಿಬಸಮ್ಮ ಅದಕ್ಕೂ ಇಲ್ಲ ಎಂದಳು. ಸಿಕ್ಕಿತ್ತು. ಮಗಳಿಗೆ ಹಲ್ಲು ಮೂಡುತ್ತಿದ್ದ ಕಾಲ. ಬಚ್ಚಲಲ್ಲಿ ತೊಳೆದುಕೊಳ್ಳುವಾಗ ಗಾಳದ ದಾರದಂಥ ಗಡುಸಾದ ಎಳೆಯೊಂದು ಬೆರಳಿಗೆ ತಗುಲಿ ಮೈಯೆಲ್ಲ ಜುಮ್ಮೆಂದಿತ್ತು. ಹೆರಿಗೆಯಲ್ಲಿ ಹಾಕಿದ ಹೊಲಿಗೆ ಇರಬೇಕು ಎಂದು ಕೈ ತೊಳೆದುಕೊಂಡು ಎದ್ದು ಬಂದಿದ್ದಳು. ಈಗ ಕುಳಿತಲ್ಲೇ ಆ ಎಳೆ ತನ್ನೊಳಗೆ ಮಿಸುಕಿದಂತಾಯಿತು. ಅದರ ಇನ್ನೊಂದು ತುದಿ ಯಾರ ಕೈಯಲ್ಲಿದೆ?

ಕ್ಯಾಂಪು. ಹೆರಿಗೆಯಾದ ಮೇಲೆ ಅದು ಬಿಟ್ಟರೆ ಬೇರೆಲ್ಲೂ ಯಾರೂ ಅವಳನ್ನು ಮುಟ್ಟಿರಲಿಲ್ಲ. ಹಿರೇನಲ್ಲೂರಿನ ತವರಿನಲ್ಲಿ ಬಾಣಂತನ ನಡೆಯುತ್ತಿತ್ತು. ಹೆರಿಗೆಯ ದಿನ ನಿಲ್ಲದೆ ಹರಿದ ರಕ್ತಕ್ಕೆ ಸೂಲಗಿತ್ತಿ ಹೆದರಿ ಎದ್ದು ನಿಂತಿದ್ದಳು. ಡಾಕ್ಟರನ್ನು ಕರೆತರುವಷ್ಟರಲ್ಲಿ ಕರಿಬಸಮ್ಮನಿಗೆ ಮೇಲಿನ ಜಂತಿಗಳೆಲ್ಲ ಕರಗಿ ಬಿಳಿಯಾಗಿ ಕಂಡಿದ್ದವು. ಮೂರನೆಯ ತಿಂಗಳಲ್ಲಿ ಶಾಲೆಯ ಕಟ್ಟಡದಲ್ಲಿ ಬಾಣಂತಿಯರ ಕ್ಯಾಂಪು ನಡೆಯಿತು. ಅವ್ವ ಕರೆದುಕೊಂಡು ಹೋಗಿದ್ದಳು. ಎರಡು ಬೆಂಚು ಜೋಡಿಸಿ ಬೆಡ್‌ಶೀಟು ಮರೆಕಟ್ಟಿದ್ದರು. ಗೋಡೆಯ ಮೇಲೆ ಭಾರತದ ನಕ್ಷೆ. ಒಳಗೆಲ್ಲ ಕ್ಲೀನ್ ಮಾಡ್ತೀವಿ, ಉಸಿರು ಬಿಗಿ ಹಿಡೀಬೇಡಿ ಎಂದಿದ್ದಳು ನರ್ಸು. ತಣ್ಣನೆ ಕಬ್ಬಿಣ, ಒಂದು ಚಳುಕು, ಅಷ್ಟೆ. ಸೆರಗು ಸರಿಮಾಡಿಕೊಳ್ಳುತ್ತ ಹೊರಗೆ ಬಂದರೆ ಗೇಟಿನ ಬಳಿ ಹೊಂಗೆಮರದ ಕೆಳಗೆ ಗಂಡ ನಿಂತಿದ್ದ. ಜೊತೆಗೆ ಫುಡ್ ಇನ್‌ಸ್ಪೆಕ್ಟರು. ಗಂಡ ಕೈಕಟ್ಟಿಕೊಂಡು, ಸ್ವಲ್ಪ ಬಾಗಿ ನಗುತ್ತಿದ್ದ. ಅವನು ಹಾಗೆ ನಗುವುದನ್ನು ಅವಳು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಮಗುವನ್ನು ನೋಡಲು ಬಂದೆ ಎಂದಿದ್ದ. ಆ ವರ್ಷ ಆಪರೇಷನ್ನಿಗೋ ವಂಕಿಗೋ ಜನ ಹಿಡಿದು ತಂದು ಕೇಸು ಕೊಡದವರ ರೇಷನ್ ಅಂಗಡಿಯ ಲೈಸೆನ್ಸು ರದ್ದಾಗುತ್ತದೆ ಎಂದು ಸುದ್ದಿಯಿತ್ತು. ಸೀಮೆಎಣ್ಣೆ ಮಾರುತ್ತಿದ್ದ ಬೆನಕಪ್ಪ ಕೇಸು ಕೊಡಲಾಗದೆ ಲೈಸೆನ್ಸು ಕಳೆದುಕೊಂಡು ಕೂಲಿಗೆ ಬಿದ್ದ. ಸೋಮಶೇಖರಪ್ಪನ ಅಂಗಡಿ ಉಳಿಯಿತು. ಹೇಗೆ ಉಳಿಯಿತು ಎಂದು ಅವಳು ಒಮ್ಮೆಯೂ ಯೋಚಿಸಿರಲಿಲ್ಲ. ಈಗ ಆ ಹೊಂಗೆಮರ, ಆ ಬಾಗಿದ ನಗು, ಆ ಬೆಂಚು ಒಂದರ ಪಕ್ಕ ಒಂದು ಬಂದು ನಿಂತು, ಇಷ್ಟು ದಿನ ನೀನು ನಮ್ಮನ್ನು ನೋಡಲೇ ಇಲ್ಲವಲ್ಲ ಎಂದು ಅವಳನ್ನು ಅಣಕಿಸಿದವು.

ವನಮಾಲಾ ಏಳುವಾಗ ಕರಿಬಸಮ್ಮ, ಇಲ್ಲೇ ಗೊತ್ತಿರುವವರೊಬ್ಬರಿಗೆ ಹೀಗಾಗಿದೆ, ನೀವು ನೋಡಿ ಹೇಳುತ್ತೀರಾ ಎಂದು ಕೇಳಿದಳು. ವನಮಾಲಾ ಅವಳನ್ನೇ ಒಂದು ಗಳಿಗೆ ನೋಡಿ, ಕಡೂರಿನ ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರ್ ಇದ್ದಾರೆ, ಅವರಿಗೆ ತೋರಿಸಲು ಹೇಳಿ ಎಂದಳು. "ನಾನು ಡಾಕ್ಟರಲ್ಲಮ್ಮ. ನಾನು ಬರೀ ಕೇಳೋಳು." ಅವಳು ಬೀದಿ ದಾಟಿ ಹೋದ ಮೇಲೂ ಕರಿಬಸಮ್ಮ ಬಾಗಿಲಲ್ಲೇ ನಿಂತಿದ್ದಳು. ಇಡುವಾಗ ಕೇಳದವರು ಇಷ್ಟು ವರ್ಷವಾದ ಮೇಲೆ ಇಟ್ಟಿದ್ದಾರಾ ಎಂದು ಕೇಳಲು ಆಳು ಕಳಿಸುತ್ತಾರೆ. ಎಲ್ಲ ಒಂದೇ ಜನವೇ ಇರಬೇಕು. ಹಿತ್ತಲಿನಿಂದ ಅತ್ತೆ, ಯಾರೇ ಅದು ಎಂದು ಕೂಗಿ ಕೇಳಿದಳು. ಸೋಪು ಮಾರುವವಳು ಎಂದಳು ಕರಿಬಸಮ್ಮ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಹಿಂದೆಯೇ ಇನ್ನೊಂದನ್ನೂ ಹೇಳಿಬಿಟ್ಟಳು: ಅವ್ವನಿಗೆ ಮೈ ಸರಿಯಿಲ್ಲವಂತೆ, ಹಿರೇನಲ್ಲೂರಿಗೆ ಹೋಗಿ ನಾಳೆ ಬರುತ್ತೇನೆ, ಮಗು ಇಲ್ಲೇ ಇರಲಿ. ತೀರ್ಥಮ್ಮ ಬೇಡ ಎನ್ನಲಿಲ್ಲ. ಅಷ್ಟು ಸುಲಭವಾಗಿ ಒಪ್ಪಿದ್ದೂ ಕರಿಬಸಮ್ಮನಿಗೆ ಸರಿಕಾಣಲಿಲ್ಲ. ಗಂಡ ಅಜ್ಜಂಪುರಕ್ಕೆ ಹೋದದ್ದು ಅಂಗಡಿ ಕೆಲಸಕ್ಕಲ್ಲ, ಅತ್ತೆಯ ಅಣ್ಣ ಈರಭದ್ರಪ್ಪನ ಮಗಳನ್ನು ನೋಡುವುದಕ್ಕೆ ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಅವಳಿಗೆ ಗೊತ್ತಿಲ್ಲವೆಂದು ಯಾರೂ ನಂಬಿಯೂ ಇರಲಿಲ್ಲ. ಒಂದು ಹೆಣ್ಣು ಹೆತ್ತು ಬರಡಾಗಿ ಕೂತಿದ್ದಾಳೆ ಎಂದು ತೀರ್ಥಮ್ಮ ನೆಂಟರ ಮುಂದೆ ಹೇಳುವಾಗ ಅವಳು ಅಲ್ಲೇ ತಟ್ಟೆ ಎತ್ತುತ್ತಿದ್ದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಅವಳು ಗಂಡನನ್ನು ಬಿಡಿಸಿ ಬಿಡಿಸಿ ನೋಡಿದಳು. ಒಳ್ಳೆಯವನೆಂದೇ ಬಾಳಿದ್ದಳು ಇಷ್ಟು ದಿನ. ಅತ್ತೆ ಬರಡಿ ಎಂದಾಗಲೆಲ್ಲ ಅವನು ಊಟ ಅರ್ಧಕ್ಕೆ ಬಿಟ್ಟು ಎದ್ದು ಹೋಗುತ್ತಿದ್ದ. ಅದನ್ನು ತನ್ನ ಮೇಲಿನ ಮರುಕ ಎಂದುಕೊಂಡಿದ್ದಳು. ಗೊತ್ತಿದ್ದವನು ಹಾಗಲ್ಲದೆ ಇನ್ನು ಹೇಗೆ ಏಳುತ್ತಾನೆ? ಒಂದು ಸಲವೂ ಅವನು ಯಾಕೆ ಇನ್ನೂ ಆಗಲಿಲ್ಲ ಎಂದು ಕೇಳಿರಲಿಲ್ಲ. ಮುಟ್ಟಾಗಿ ಹೊರಗೆ ಕೂತು ಅವಳು ನರಳುತ್ತಿದ್ದ ದಿನಗಳಲ್ಲಿ ಬಿಸಿನೀರು ಕಾಯಿಸಿ ತಂದಿಟ್ಟು ಮಾತಾಡದೆ ಹೋಗುತ್ತಿದ್ದ. ಅದೂ ಗೊತ್ತಿದ್ದವನ ಬಿಸಿನೀರೇ. ಅಂಗಡಿ ಉಳಿಸಿಕೊಳ್ಳಲು ಅವಳನ್ನೇ ಕೇಸಾಗಿ ಕೊಟ್ಟ. ಕೊಟ್ಟದ್ದನ್ನು ಮರೆತು ಈಗ ಗಂಡುಮಗುವಿಗಾಗಿ ಇನ್ನೊಬ್ಬಳನ್ನು ತರುತ್ತಾನೆ. ಮುಂದಿನ ಸೀಟಿನಲ್ಲಿ ಒಬ್ಬ ಬಾಣಂತಿ ಟವಲು ಸುತ್ತಿದ ಮಗುವನ್ನು ಎದೆಗೆ ಅವುಚಿಕೊಂಡಿದ್ದಳು. ಅವಳ ಗಂಡ ಕಿಟಕಿ ಮುಚ್ಚಲು ಒದ್ದಾಡುತ್ತಿದ್ದ. ನಿನ್ನೊಳಗೆ ಏನು ಇಟ್ಟಿದ್ದಾರೆ ನೋಡಿಕೋ ಎಂದು ಆ ಹುಡುಗಿಯ ಬೆನ್ನು ತಟ್ಟಿ ಹೇಳಬೇಕೆನಿಸಿತು.

ಕಡೂರಿನ ಲೇಡಿ ಡಾಕ್ಟರ್ ಶಾರದಾಂಬಾ ಹೆಚ್ಚು ಮಾತಾಡುವವರಲ್ಲ. ಪರೀಕ್ಷೆ ಮಾಡಿ, ಕೈ ತೊಳೆದುಕೊಂಡು ಬಂದು, ವಂಕಿ ಇದೆ, ದಾರ ಮೇಲಕ್ಕೆ ಸರಿದಿದೆ, ಅಷ್ಟೆ ಎಂದರು. ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತವೇ ಇಲ್ಲವಲ್ಲ, ಇಷ್ಟು ಹೋಗುತ್ತಿದ್ದರೂ ತೆಗೆಸಿಕೊಳ್ಳಬೇಕು ಅನ್ನಿಸಲಿಲ್ಲವೇ ಎಂದು ಗದರಿದರು. ಇರುವುದೇ ಗೊತ್ತಿರಲಿಲ್ಲ ಎಂದು ಹೇಳಲು ಕರಿಬಸಮ್ಮನಿಗೆ ನಾಚಿಕೆಯಾಯಿತು. ತನ್ನ ಮೈಯೊಳಗೆ ಏನಿದೆಯೆಂದು ತಿಳಿಯದ ಹೆಡ್ಡಿ ಎನ್ನಿಸಿಕೊಳ್ಳುವುದಕ್ಕಿಂತ ತಿಳಿದೂ ಉಡಾಫೆ ಮಾಡಿದವಳು ಎನ್ನಿಸಿಕೊಳ್ಳುವುದೇ ಮೇಲು ಎಂದು ಸುಮ್ಮನಿದ್ದಳು. ಈಗಲೇ ತೆಗೆಯುತ್ತೇನೆ ಎಂದರು ಡಾಕ್ಟರು. ಅವಳು ನಾಳೆ ಬರುತ್ತೇನೆ ಎಂದಳು. "ಯಾಕೆ, ಯಜಮಾನರನ್ನ ಕೇಳ್ಬೇಕಾ?" ನರ್ಸು ತಿರುಗಿ ನೋಡಿದಳು, ಬೆಂಚಿನ ಮೇಲೆ ಕಾಯುತ್ತಿದ್ದ ಹೆಂಗಸರೂ ನೋಡಿದರು. ಹೌದು, ಕೇಳಬೇಕು, ಆದರೆ ನೀವಂದುಕೊಂಡ ಪ್ರಶ್ನೆ ಅಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡಳು. ತೆಗೆದುಬಿಟ್ಟರೆ ಸಾಕ್ಷಿಯೇ ಹೋಗುತ್ತದೆ. ಅದು ಒಳಗೆ ಇರುವಾಗಲೇ ಅವನ ಮುಂದೆ ನಿಂತು ಕೇಳಬೇಕು. ಆದರೆ ಅದಕ್ಕೆ ಬೆನ್ನಿಗೊಬ್ಬರು ಬೇಕು, ಕ್ಯಾಂಪಿನ ದಿನ ಜೊತೆಗಿದ್ದ ಅವ್ವ ಬೇಕು.

ಹಿರೇನಲ್ಲೂರಿನಲ್ಲಿ ಅವ್ವ ಕಲ್ಲಮ್ಮ ಜಗಲಿಯಲ್ಲಿ ಮೊರ ಹಿಡಿದು ಹುರುಳಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಮಗಳು ಇದ್ದಕ್ಕಿದ್ದಂತೆ ಬಂದದ್ದಕ್ಕೆ ಬೆರಗಾಗಿ ನೀರು ತರಲು ಎದ್ದವಳನ್ನು ಕೈಹಿಡಿದು ಕೂರಿಸಿ, ಕರಿಬಸಮ್ಮ ಬೆಳಗಿನಿಂದ ಆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. "ನಿನ್ನಳಿಯಾನೇ ಕಣವ್ವ ನನ್ನ ಕೊಟ್ಟಿರೋದು, ಲೈಸೆನ್ಸ್ ಉಳಿಸ್ಕೊಳ್ಳೋಕೆ. ಅವತ್ತು ಗೇಟ್ ಹತ್ರ ನಿಂತಿದ್ರಲ್ಲ, ನೀನೂ ನೋಡಿದೀಯ." ಅವ್ವ ಬೈಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ, ಎದ್ದು ಚಪ್ಪಲಿ ಮೆಟ್ಟುತ್ತಾಳೆ ಎಂದು ಕಾದಳು. ಕಲ್ಲಮ್ಮ ಮೊರವನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡಳು. ಅವಳ ಬೆರಳು ಹುರುಳಿಯೊಳಗೆ ಏನನ್ನೋ ಹುಡುಕಿ, ಸಿಗದೆ, ಮತ್ತೆ ಹುಡುಕಿತು. ವಂಕಿ ಎಂದರೇನು ಎಂದು ಅವಳು ಕೇಳಲಿಲ್ಲ. ಹಾಗೆಂದರೇನೇ, ಒಳಗೆ ಇಡುವಂಥದ್ದು ಏನೇ ಎಂದು ಈ ವಯಸ್ಸಿನ ಯಾವ ಹೆಂಗಸಾದರೂ ಕೇಳುವ ಮಾತನ್ನು ಕೇಳಲಿಲ್ಲ. ಆ ದಾರದ ಎಳೆ ಕೈಗೆ ತಗುಲಿದ ವರ್ಷ ಯುಗಾದಿಗೆ ಬಂದಾಗ ಅವ್ವನಿಗೆ ಮಾತ್ರ ಹೇಳಿದ್ದು ಈಗ ಕರಿಬಸಮ್ಮನಿಗೆ ನೆನಪಾಯಿತು. ಹೊಲಿಗೆ ದಾರ ಇರ್ಬೇಕು, ಎಳ್ದುಗಿಳ್ದೀಯ ಎಂದು ಅವ್ವ ಎಷ್ಟು ಜೋರಾಗಿ ಗದರಿದ್ದಳು.

"ನಿಂಗೊತ್ತಿತ್ತಾ?"

"ಅವರ ಮೇಲೆ ಹಾಕ್ಬೇಡ ಕಣೆ," ಎಂದಳು ಕಲ್ಲಮ್ಮ. "ಅವರಿಗೇನೂ ಗೊತ್ತಿಲ್ಲ. ನರ್ಸಮ್ಮನ್ನ ಕೇಳ್ಕೊಂಡೋಳು ನಾನು."

ಬೀದಿಯಲ್ಲಿ ಯಾರೋ ದನ ಹೊಡೆದುಕೊಂಡು ಹೋದರು. ಅವರು ದಾಟಿದ ಮೇಲೆ ಕಲ್ಲಮ್ಮ ಮೊರಕ್ಕೆ ಹೇಳುವವಳಂತೆ ತಲೆ ಎತ್ತದೆ ಹೇಳಿದಳು. ಕರಿಬಸಮ್ಮನ ಅಕ್ಕನನ್ನು ತರೀಕೆರೆಗೆ ಕೊಟ್ಟಿತ್ತು. ಎರಡನೆಯ ಹೆರಿಗೆಯಲ್ಲೇ ಡಾಕ್ಟರು ಇನ್ನು ಈ ಹುಡುಗಿಗೆ ಬೇಡ ಎಂದಿದ್ದರು. ಕಲ್ಲಮ್ಮ ಬೀಗಿತಿಯ ಕಾಲು ಹಿಡಿದಳು, ಅಳಿಯನನ್ನು ಕೇಳಿದಳು, ಅಳಿಯ ಅಪ್ಪನನ್ನು ಕೇಳಬೇಕೆಂದ, ಅಪ್ಪ ಮಠದಲ್ಲಿ ಕೇಳಿ ಬರುತ್ತೇನೆಂದ. ಅಷ್ಟರಲ್ಲಿ ಅಕ್ಕ ಮತ್ತೆ ಬಸುರಿ. ಇದೆಲ್ಲ ಕರಿಬಸಮ್ಮನಿಗೆ ಗೊತ್ತಿದ್ದ ಕತೆಯೇ. ಅಕ್ಕನನ್ನು ಕೊನೆಯ ಸಲ ನೋಡಿದಾಗ ತಾನಿನ್ನೂ ಲಂಗ ಹಾಕುತ್ತಿದ್ದಳು; ಹೊಸ ಸೀರೆ ಹೊದಿಸಿದ ಅವಳ ಪಾದ ಹಳದಿಯಾಗಿತ್ತು. ಆದರೆ ಆ ಕತೆಯ ಕೊನೆಗೆ ತನ್ನನ್ನೂ ಕಟ್ಟಿಹಾಕಲಾಗಿದೆ ಎಂದು ಗೊತ್ತಿರಲಿಲ್ಲ.

"ನಿಮ್ಮಕ್ಕನ ವಿಷ್ಯಕ್ಕೆ ಎಲ್ಲಾರ್ನೂ ಕೇಳ್ದೆ. ಕೇಳ್ತಾ ಕೇಳ್ತಾನೇ ಅವಳು ಹೋದ್ಲು. ನಿನಗೆ ರಕ್ತ ಹೋಯ್ತಲ್ಲ ಅವತ್ತು, ಅವತ್ತೇ ಅಂದ್ಕೊಂಡೆ, ಈ ಸಲ ಯಾರ್ನೂ ಕೇಳಲ್ಲ ಅಂತ."

"ನನ್ನೂ ಕೇಳ್ಲಿಲ್ಲ."

"ನಿನ್ನ ಕೇಳಿದ್ರೆ ನೀನು ನಿಮ್ಮತ್ತೇನ ಕೇಳ್ತಿದ್ದೆ."

ಅದು ನಿಜವಾಗಿತ್ತು. ನಿಜವಾದದ್ದಕ್ಕೇ ಕರಿಬಸಮ್ಮನಿಗೆ ಸಿಟ್ಟು ನೆತ್ತಿಗೇರಿತು. ಹಾಗಾದರೆ ಆಮೇಲಾದರೂ ಹೇಳಬಹುದಿತ್ತಲ್ಲ, ಬರಡಿ ಎನ್ನಿಸಿಕೊಂಡು ಬಂದು ನಿನ್ನ ಮಡಿಲಲ್ಲೇ ಅತ್ತೆನಲ್ಲ ಎಂದಳು. ಎರಡು ವರ್ಷ ಮೈ ಸುಧಾರಿಸಿದ ಮೇಲೆ ತೆಗೆಸೋಣ ಎಂದಿದ್ದೆ, ಅಷ್ಟರಲ್ಲಿ ಆ ನರ್ಸಿಗೆ ವರ್ಗವಾಯಿತು, ಅಷ್ಟರಲ್ಲಿ ನಿಮ್ಮ ಮನೆಯಲ್ಲಿ ಇನ್ನೊಂದು ಮದುವೆಯ ಮಾತು ಎದ್ದಿತು, ಈಗ ಹೇಳಿದರೆ ನಿನ್ನನ್ನೇ ಹೊರಗೆ ಹಾಕುತ್ತಾರೆಂದು ಬಾಯಿ ಬರಲಿಲ್ಲ ಎಂದು ಕಲ್ಲಮ್ಮ ತಡೆದು ತಡೆದು ಹೇಳಿದಳು. ಪ್ರತಿಯೊಂದು ಮಾತೂ ನಂಬುವಂಥದ್ದೇ. ಆದರೆ ನಂಬಿಕೆ ಎನ್ನುವುದೇ ಕರಿಬಸಮ್ಮನ ಕೈತಪ್ಪಿ ಹೋಗಿತ್ತು. ಗಂಡನನ್ನು ಬಿಡಿಸಿ ನೋಡಿದಂತೆ ಈಗ ಅವ್ವನನ್ನು ಬಿಡಿಸತೊಡಗಿದಳು. ಮಗುವಾಗಲಿ ಎಂದು ಅಂತರಘಟ್ಟೆಗೆ ಹೋಗಿ ದೇವಿಯ ಮುಂದೆ ಹರಕೆ ಹೊತ್ತಾಗ ಅವ್ವ ಪಕ್ಕದಲ್ಲೇ ಕಣ್ಣು ಮುಚ್ಚಿ ನಿಂತಿದ್ದಳು. ತಾನು ಒದ್ದೆ ಬಟ್ಟೆಯಲ್ಲಿ ನೆಲಕ್ಕೆ ಹಣೆ ಚಚ್ಚಿಕೊಳ್ಳುವಾಗ ಇವಳ ತುಟಿಯೂ ಅಲುಗುತ್ತಿತ್ತು. "ಅಂತರಘಟ್ಟೇಲಿ ನೀನೇನು ಬೇಡ್ಕೊಂಡೆ?" ಎಂದು ಕೇಳಿದಳು. ಕಲ್ಲಮ್ಮ ಈಗ ಮೊದಲ ಸಲ ತಲೆ ಎತ್ತಿದಳು. "ನೀನು ಬದುಕಿರ್ಲಿ ಅಂತ." ದೇವಿಯ ಮುಂದೆ ಒಂದೇ ಹೊಟ್ಟೆಗಾಗಿ ಇಬ್ಬರೂ ಎದುರುಬದುರು ಬೇಡಿಕೊಂಡಿದ್ದರು. ಗೆದ್ದದ್ದು ಅವ್ವ.

ಆ ದಿನ ಅವಳು ಅವ್ವನ ಕೈಯ ಊಟ ಮಾಡಲಿಲ್ಲ. ಬೆಳಿಗ್ಗೆ ಬಸ್ಸಿಗೆ ಹೊರಟಾಗ ಕಲ್ಲಮ್ಮ ಸೆರಗು ಹೊದ್ದು ಹಿಂದೆ ಬಂದಳು. ಬರಬೇಡ ಎನ್ನಲು ಕರಿಬಸಮ್ಮನಿಗೆ ಬಾಯಿ ಬರಲಿಲ್ಲ. ಬಾ ಎನ್ನಲೂ ಇಲ್ಲ. ಆಸ್ಪತ್ರೆಯಲ್ಲಿ ನರ್ಸು, ಜೊತೆಗೆ ಬಂದವರು ಒಳಗೆ ಬರಬಹುದು ಎಂದಳು. ಜೊತೆಗೆ ಯಾರೂ ಬಂದಿಲ್ಲ ಎಂದು ಕರಿಬಸಮ್ಮ ಹೇಳಿದ್ದು ಬಾಗಿಲಲ್ಲಿ ನಿಂತ ಕಲ್ಲಮ್ಮನಿಗೂ ಕೇಳಿಸಿತು. ಕೆಲಸ ಬೇಗ ಮುಗಿಯಿತು. ಟ್ರೇಯಲ್ಲಿ ಬಿದ್ದದ್ದನ್ನು ನೋಡಬೇಕು ಎಂದಳು. ಹಾವಿನ ಮರಿಯಂತೆ ಸುತ್ತಿಕೊಂಡ ಪ್ಲಾಸ್ಟಿಕ್ಕು, ಬಣ್ಣಗೆಟ್ಟು ಹಳದಿಯಾಗಿತ್ತು. ಇಷ್ಟು ಸಣ್ಣದು. ಇದಕ್ಕಾಗಿ ಎಷ್ಟು ಉಪವಾಸ, ಎಷ್ಟು ಮಾತು, ಎಷ್ಟು ಬಟ್ಟೆ ಒಗೆದದ್ದು. ಶಾರದಾಂಬಾ ಈ ಸಲ ಗದರಲಿಲ್ಲ. ರಕ್ತ ತುಂಬಿಕೊಳ್ಳುವ ತನಕ ಬಸುರಾಗುವುದು ಬೇಡ, ಒಂದು ವರ್ಷವಾದರೂ ಬೇಕು, ಅಲ್ಲಿಯವರೆಗೆ ಬಸುರು ನಿಲ್ಲದಂತೆ ಮಾತ್ರೆ ಕೊಡುತ್ತೇನೆ, ಆಮೇಲೆ ಬೇಕೋ ಬೇಡವೋ ನೀವೇ ಹೇಳಿ ಎಂದರು. ನೀವೇ ಎಂದರೆ ನಾನೊಬ್ಬಳೇ ಎಂದು ಅರ್ಥವೇ ಎಂದು ಕೇಳಬೇಕೆನಿಸಿ, ಕೇಳದೆ, ಮಾತ್ರೆಯ ಪೊಟ್ಟಣ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಸ್‌ಸ್ಟ್ಯಾಂಡಿನಲ್ಲಿ ಕಲ್ಲಮ್ಮ ಒಂದು ಎಳನೀರು ಕೊಚ್ಚಿಸಿ ಕೊಟ್ಟಳು. ಕರಿಬಸಮ್ಮ ಕುಡಿದಳು. 

ಪಂಚನಹಳ್ಳಿಗೆ ಬಂದಾಗ ಸೋಮಶೇಖರಪ್ಪ ಅಂಗಡಿಗೆ ಹೋಗದೆ ಪಡಸಾಲೆಯಲ್ಲೇ ಕುಳಿತಿದ್ದ. ತೀರ್ಥಮ್ಮ ಒಳಗೆ ಹಾಡುತ್ತ ಒಗ್ಗರಣೆ ಹಾಕುತ್ತಿದ್ದಳು. ಅವನು ಹೆಂಡತಿಯ ಮುಖ ನೋಡದೆ, ಅಜ್ಜಂಪುರದ ಮಾವನವರು ಒಪ್ಪಿದ್ದಾರೆ, ತಾನಿನ್ನೂ ಏನೂ ಹೇಳಿಲ್ಲ, ನಿನಗೇನೂ ಕಮ್ಮಿ ಮಾಡುವುದಿಲ್ಲ ಎಂದು ಕಲಿತುಕೊಂಡ ಪಾಠದಂತೆ ಹೇಳತೊಡಗಿದ. ಅವನು ಮುಗಿಸುವ ತನಕ ಅವಳು ನಿಂತಿದ್ದಳು.

"ನನ್ನೊಳಗೆ ವಂಕಿ ಇತ್ತು. ಕ್ಯಾಂಪಲ್ಲಿ ಹಾಕಿದ್ದು. ಅದ್ಕೇ ಮಕ್ಕಳಾಗ್ಲಿಲ್ಲ. ಇವತ್ತು ತೆಗೆಸ್ಕೊಂಡು ಬಂದೆ."

ಅವನು ತಲೆ ಎತ್ತಿದ. ಆ ಮುಖವನ್ನು ಅವಳು ಬೆಳಕಿಗೆ ಹಿಡಿದವಳಂತೆ ನೋಡಿದಳು. ಅದರಲ್ಲಿ ಕಳ್ಳತನವಿರಲಿಲ್ಲ, ಬರಿಯ ದಿಗ್ಭ್ರಮೆ. ಅವನಿಗೆ ನಿಜವಾಗಿಯೂ ಏನೂ ಗೊತ್ತಿರಲಿಲ್ಲ. ನಿನ್ನೆ ಬಸ್ಸಿನಲ್ಲಿ ಕುಳಿತು ಅವನ ಮೇಲೆ ಹೊರಿಸಿದ್ದೆಲ್ಲ ಕಳಚಿ ಬಿತ್ತು. ಆದರೆ ಹಗುರವೆನಿಸಲಿಲ್ಲ. ಗೊತ್ತಿದ್ದವನಾಗಿದ್ದರೆ ಅಜ್ಜಂಪುರಕ್ಕೆ ಹೋಗಲು ಅಳುಕುತ್ತಿದ್ದನೇನೋ. ಏನೂ ಗೊತ್ತಿಲ್ಲದವನು, ತಪ್ಪೆಲ್ಲ ಅವಳ ಮೈಯದೇ ಎಂದು ನಂಬಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಿಶ್ಚಿಂತೆಯಿಂದ ಹೋಗಿ ಬಂದಿದ್ದ. ಅವನ ನಿರಪರಾಧಿತನವೇ ಅವಳಿಗೆ ಹೆಚ್ಚು ನೋಯಿತು. ಇಷ್ಟರಲ್ಲಿ ಅವನ ಹುಬ್ಬು ಗಂಟಿಕ್ಕಿ, ಕಣ್ಣು ಅವಳ ಮುಖದ ಮೇಲೆ ಏನನ್ನೋ ಹುಡುಕತೊಡಗಿತ್ತು.

"ಯಾರು ಹಾಕ್ಸಿದ್ದು?"

ಅವ್ವನ ಹೆಸರು ನಾಲಿಗೆಯ ತುದಿಗೆ ಬಂತು. ಹೇಳಿದರೆ ಇವತ್ತೇ ಹಿರೇನಲ್ಲೂರಿನ ಜಗಲಿಯಲ್ಲಿ ನಾಲ್ಕು ಜನ ಸೇರುತ್ತಾರೆ. ತಾನು ಮತ್ತೆ ಯಾರೋ ಇಟ್ಟ, ಯಾರೋ ತೆಗೆಸಿದ, ಯಾರದೋ ತಪ್ಪಿನ ಹೊಟ್ಟೆಯಾಗಿ ಮೂಲೆಯಲ್ಲಿ ಕೂರಬೇಕು. ನರ್ಸು ಎನ್ನಬಹುದಿತ್ತು, ಸರ್ಕಾರ ಎನ್ನಬಹುದಿತ್ತು.

"ನಾನೇ," ಎಂದಳು.

ಒಳಗೆ ಹಾಡು ನಿಂತಿತು. ಸೋಮಶೇಖರಪ್ಪ ಗೋಡೆಗೆ ಒರಗಿದ. "ನನ್ನ ಕೇಳ್ದೆ?" ಎಂದ, ಬೈಯುವ ದನಿಯಲ್ಲಲ್ಲ, ಬಿದ್ದವನ ದನಿಯಲ್ಲಿ.

"ನೀವು ಅಜ್ಜಂಪುರಕ್ಕೆ ಹೋಗುವಾಗ ನನ್ನ ಕೇಳಿದ್ರಾ?"

ಅವನು ಒಳಬಾಗಿಲ ಕಡೆ ನೋಡಿದ. ತಾಯಿಗೆ ಕೇಳಿಸದಂತೆ ದನಿ ಇಳಿಸಿ, ಇನ್ನು ಮೇಲಾದರೂ ಆಗುತ್ತದೆಯೇ ಎಂದು ಕೇಳಿದ. ಆಗಬಹುದಂತೆ, ಒಂದು ವರ್ಷ ಬೇಡವಂತೆ, ಆಮೇಲೆ ನಾನು ಹೇಳುತ್ತೇನೆ ಎಂದಳು. ಅವನು ಅವಳನ್ನೇ ನೋಡುತ್ತಿದ್ದ: ಹುಬ್ಬು, ಕೈ, ಸೊಂಟದ ಬಳಿ ಉಬ್ಬಿದ್ದ ಪೊಟ್ಟಣ. ಇಷ್ಟು ವರ್ಷ ತಾನು ಬಿಸಿನೀರು ಕಾಯಿಸಿ ಕೊಟ್ಟ ಹೆಂಗಸು ಇವಳೇನಾ ಎನ್ನುವಂತೆ, ಒಂದೊಂದು ದಿನವನ್ನೂ ಹೊರಗೆ ತೆಗೆದು ತಿರುವಿ ನೋಡುತ್ತಿದ್ದ. ಆ ನೋಟದ ಒಳಹೊರಗೆಲ್ಲ ಅವಳಿಗೆ ಗೊತ್ತಿತ್ತು. ಅದು ಬೇಗ ಹೋಗುವುದಿಲ್ಲ ಎಂದೂ ಗೊತ್ತಿತ್ತು. ಹೋಗಲೂ ಇಲ್ಲ. ಈರಭದ್ರಪ್ಪನವರಿಗೆ ಬೇಡವೆಂದು ಹೇಳಿಕಳಿಸಿದ ಮೇಲೂ, ಒಂದೇ ಹಾಸಿಗೆಯಲ್ಲಿ ಮಲಗುವಾಗಲೂ, ಅವಳು ಬಾವಿಗೆ ಹೋಗಿ ತಡವಾಗಿ ಬಂದರೂ ಅವನ ಕಣ್ಣಿನಲ್ಲಿ ಅದು ಇರುತ್ತಿತ್ತು. ಕರಿಬಸಮ್ಮ ಅದನ್ನು ಒರೆಸುವ ಗೋಜಿಗೆ ಹೋಗಲಿಲ್ಲ. ಮಾತ್ರೆ ಮುಗಿಯುತ್ತ ಬಂದ ದಿನ ತಲೆ ಬಾಚಿಕೊಂಡು, ಪಡಸಾಲೆಗೆ ಬಂದು, ಎಲ್ಲಿಗೆ ಎಂದು ಯಾರಾದರೂ ಕೇಳುವ ಮುಂಚೆಯೇ, ಕಡೂರಿಗೆ, ಮಾತ್ರೆ ತರಲು ಎಂದು ಹೇಳಿ ಹೊರಟಳು.